ಅಟ್ಟದ ತಂಪು

ಕಳೆದ ವರ್ಷ ಮಂಜೇಶ್ವರದ ನಮ್ಮ ಹಳೆಯ ಮನೆಯ ದುರಸ್ತಿಗೆ ಕೈ ಹಾಕಿದಾಗ ದುಬೈಯಲ್ಲಿರುವ ತಮ್ಮನದ್ದು ಒಂದೇ ಮಾತು: “ಹಂಚು ತೆಗೆದು ಟೆರೇಸ್ ಹಾಕಿಸು.” ಉಮ್ಮ ಒಪ್ಪಲಿಲ್ಲ. “ನಿನ್ನ ಮಾಮನ ಟೆರೇಸ್ ಮನೆಯಲ್ಲಿ ರಾತ್ರಿಯೂ ಸೆಕೆ, ನಿದ್ದೆ ಬರುವುದಿಲ್ಲ” ಅಂದರು.

ಉಮ್ಮನ ಮಾತಿನ ಹಿಂದೆ ಒಂದು ಚರಿತ್ರೆಯಿದೆ. ನಮ್ಮ ಕರಾವಳಿಯ ಮನೆಗಳಿಗೆ ಮೊದಲು ಮುಳಿಹುಲ್ಲಿನ, ಮಡಲಿನ ಮಾಡು. ಹುಲ್ಲಿನ ನಡುವೆ ನಿಂತ ಗಾಳಿ ಬಿಸಿಲನ್ನು ತಡೆಯುತ್ತಿತ್ತು. ಆದರೆ ಬೆಂಕಿಯ ಭಯ, ಮತ್ತೆ ಮತ್ತೆ ಹೊದಿಸುವ ಕೆಲಸ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. 1956ರವರೆಗೂ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದ್ದೇ ತಾಲೂಕು. ಮಂಗಳೂರಿನ ಹಂಚು ನಮ್ಮ ಮಾಡುಗಳಿಗೂ ಬಂತು.

ಹಂಚು ತೆಳು, ಬೇಗ ಕಾಯುತ್ತದೆ. ಕೆಳಗೆ ಹಲಗೆಯ ಮುಚ್ಚಿಗೆ ಇದ್ದರೆ ಬಿಸಿ ನಡುವಿನ ಅಟ್ಟದಲ್ಲೇ ನಿಂತು, ಹಂಚಿನ ಸಂದಿಯಿಂದ ಹೊರಹೋಗುತ್ತದೆ. ತೆಂಗಿನಕಾಯಿ, ಹಳೆ ಪಾತ್ರೆ ಇಡುವ ಜಾಗ ಎಂದಷ್ಟೇ ನಾವು ತಿಳಿದಿದ್ದ ಅಟ್ಟ ಇಷ್ಟು ಕಾಲ ನಮಗೆ ಕೊಡೆ ಹಿಡಿದಿತ್ತು.

ಕೊನೆಗೆ ಹಂಚು ಉಳಿಸಿದೆವು. ಒಡೆದವನ್ನು ಬದಲಿಸಿ, ಗೆದ್ದಲು ತಿಂದ ಹಲಗೆ ತೆಗೆದು, ಮುಚ್ಚಿಗೆಯ ಮೇಲೆ ತೆಂಗಿನ ನಾರಿನ ಹಾಸು ಹರಡಿದೆವು. ನಾರು ಬೇಗ ಕೊಳೆಯುವುದಿಲ್ಲ. ಆದರೂ ಮಳೆಗಾಲದಲ್ಲಿ ಎಲ್ಲಾದರೂ ಸೋರಿದೆಯೇ ಎಂದು ಅಟ್ಟ ಹತ್ತಿ ನೋಡುತ್ತೇನೆ.

ಈ ಮೇ ತಿಂಗಳಲ್ಲಿ ರಜೆಗೆ ಬಂದ ತಮ್ಮ ಮಧ್ಯಾಹ್ನ ಉಮ್ಮನ ಕೋಣೆಯಲ್ಲೇ ಚಾಪೆ ಹಾಸಿ ಮಲಗಿದ. ಟೆರೇಸಿನ ಮಾತು ಎತ್ತಲಿಲ್ಲ.