ದೂರಸಂಪರ್ಕ ಉಪಕರಣಗಳಲ್ಲಿ ನಿರೋಧನ ಅಂತರ: ಚರಿತ್ರೆ

ವಿದ್ಯುತ್ ಉಪಕರಣದಲ್ಲಿ ಅಪಾಯಕಾರಿ ವೋಲ್ಟೇಜ್ ಇರುವ ಭಾಗಕ್ಕೂ ಬಳಕೆದಾರನ ಕೈಗೆ ಸಿಗುವ ಭಾಗಕ್ಕೂ ನಡುವೆ ಬಿಡಬೇಕಾದ ಕನಿಷ್ಠ ದೂರವೇ ನಿರೋಧನ ಅಂತರ. ಇದನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಗಾಳಿಯಲ್ಲಿ ನೇರವಾಗಿ ಅಳೆದ ಅತಿ ಕಡಿಮೆ ದೂರ ಕ್ಲಿಯರೆನ್ಸ್. ಪ್ಲಾಸ್ಟಿಕ್ಕಿನ ಅಥವಾ ಸರ್ಕ್ಯೂಟ್ ಬೋರ್ಡಿನ ಮೈಮೇಲೆ ಸಾಗಿ ಅಳೆದ ಅತಿ ಕಡಿಮೆ ದೂರ ಕ್ರೀಪೇಜ್. ಮೊದಲನೆಯದನ್ನು ನಿರ್ಧರಿಸುವುದು ಮುಖ್ಯವಾಗಿ ಕ್ಷಣಮಾತ್ರ ಬಂದುಹೋಗುವ ಸರ್ಜ್. ಎರಡನೆಯದನ್ನು ನಿರ್ಧರಿಸುವುದು ವರ್ಷಗಟ್ಟಲೆ ನಿಲ್ಲುವ ವೋಲ್ಟೇಜ್, ದೂಳು ಮತ್ತು ತೇವ. ಅನೇಕ ಕೈಪಿಡಿಗಳು ಇವೆರಡನ್ನೂ ಸೇರಿಸಿ ಒಂದೇ ಅಂಕಿ ಕೊಟ್ಟುಬಿಡುತ್ತವೆ. ಈ ವಿಷಯದ ಗೊಂದಲಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟಿವೆ.

ಟೆಲಿಗ್ರಾಫ್ ಕಾಲದಲ್ಲಿ ಅಂತರದ ಪ್ರಶ್ನೆ ಬಂದದ್ದು ಸಿಡಿಲಿನಿಂದ, ಅದೂ ತಿರುಗುಮುರುಗಾಗಿ. ಸಿಡಿಲು ತಂತಿಗುಂಟ ಬಂದು ಯಂತ್ರವನ್ನು ಸುಡದಂತೆ, ತಂತಿಗೂ ಭೂಸಂಪರ್ಕಕ್ಕೂ ನಡುವೆ ಬೇಕೆಂದೇ ಕಿರಿದಾದ ಗಾಳಿಸಂದು ಬಿಟ್ಟು ಕಿಡಿ ಅಲ್ಲಿಯೇ ಹಾರುವಂತೆ ಮಾಡುತ್ತಿದ್ದರು. ಟೆಲಿಫೋನಿನ ಕಾರ್ಬನ್ ಬ್ಲಾಕ್ ರಕ್ಷಕಗಳಲ್ಲಿ ಈ ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 1889ರಲ್ಲಿ ಜರ್ಮನಿಯ ಫ್ರೀಡ್ರಿಕ್ ಪಾಶೆನ್, ಕಿಡಿ ಹಾರುವ ವೋಲ್ಟೇಜ್ ಅನಿಲದ ಒತ್ತಡ ಮತ್ತು ದೂರಗಳ ಗುಣಲಬ್ಧವನ್ನು ಅವಲಂಬಿಸುತ್ತದೆ ಎಂದು ತೋರಿಸಿದ. ಗಾಳಿಯಲ್ಲಿ ಈ ವೋಲ್ಟೇಜಿನ ಕನಿಷ್ಠ ಮಿತಿ ಸುಮಾರು 327 ವೋಲ್ಟ್. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಾಗಲಿ, ಗಂಟೆ ಬಾರಿಸಲು ಕಳುಹಿಸುವ 75ರಿಂದ 90 ವೋಲ್ಟಿನ ಎಸಿಯಾಗಲಿ ತಾವಾಗಿಯೇ ಗಾಳಿಯನ್ನು ಭೇದಿಸಲಾರವು. ದೂರವಾಣಿ ಸಾಲಿನಿಂದ ಬರುವ ಅಪಾಯವೆಂದರೆ ಸಿಡಿಲಿನ ಸರ್ಜ್, ಇಲ್ಲವೇ ಹೊರಗೆಲ್ಲೋ ವಿದ್ಯುತ್ ತಂತಿ ಅದರ ಮೇಲೆ ಬೀಳುವುದು.

ದೂರವಾಣಿ ಕಂಪನಿಯೇ ಉಪಕರಣವನ್ನೂ ಕೊಡುತ್ತಿದ್ದಾಗ ಈ ಅಂತರಗಳು ಕಂಪನಿಯ ಒಳಗಿನ ವಿಚಾರವಾಗಿದ್ದವು. ಅಮೆರಿಕದಲ್ಲಿ 1968ರ ಕಾರ್ಟರ್‌ಫೋನ್ ತೀರ್ಪು ಹೊರಗಿನವರ ಉಪಕರಣಕ್ಕೆ ಬಾಗಿಲು ತೆರೆಯಿತು. 1970ರ ದಶಕದ ಮಧ್ಯದಲ್ಲಿ ಸಂವಹನ ಆಯೋಗದ ಪಾರ್ಟ್ 68 ನಿಯಮಗಳು ಬಂದವು. ಇವನ್ನು ಬಳಕೆದಾರರ ಸುರಕ್ಷತಾ ನಿಯಮಗಳೆಂದು ವಿವರಿಸುವುದು ತಪ್ಪು. ಪಾರ್ಟ್ 68ರ ಕಾಳಜಿ ಜಾಲದ ಬಗ್ಗೆ, ಮತ್ತು ಕಂಬ ಹತ್ತಿ ಕೆಲಸ ಮಾಡುವ ಸಿಬ್ಬಂದಿಯ ಬಗ್ಗೆ. ಮನೆಯಲ್ಲಿ ಫೋನು ಹಿಡಿದವರನ್ನು ಕಾಯುವ ಹೊಣೆಯನ್ನು ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆಯ ಯುಎಲ್ 1459 ಮಾನಕ ಹೊತ್ತಿತು. ಎರಡೂ ಒಂದೇ ನಿರೋಧನದ ಎರಡು ಬದಿಯಲ್ಲಿ ನಿಂತವರ ಪರವಾಗಿ ಬರೆದ ನಿಯಮಗಳು.

ಅಂಕಿಗಳಿಗೆ ಒಂದು ಸಾಮಾನ್ಯ ತರ್ಕ ದೊರೆತದ್ದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ, ಅಂದರೆ ಐಇಸಿ, 1980ರಲ್ಲಿ ಹೊರತಂದ 664ನೇ ವರದಿಯಿಂದ. 1992ರಲ್ಲಿ ಅದು 664-1 ಮಾನಕವಾಯಿತು. ಅಲ್ಲಿಯವರೆಗಿನ ಕೋಷ್ಟಕಗಳು ಹೆಚ್ಚಾಗಿ ಅನುಭವದಿಂದ ಬಂದವು. 664 ಕೇಳಿದ ಪ್ರಶ್ನೆಗಳೇ ಬೇರೆ: ಸರ್ಜ್ ಎಷ್ಟು ಎತ್ತರಕ್ಕೆ ಏರಬಹುದು? ಸುತ್ತಲಿನ ಮಾಲಿನ್ಯದ ದರ್ಜೆ ಯಾವುದು? ನಿರೋಧಕ ವಸ್ತು ತೇವದಲ್ಲಿ ಎಷ್ಟು ಬೇಗ ಕರಿಕಟ್ಟುತ್ತದೆ? ಈ ಕೊನೆಯ ಗುಣವನ್ನು ತಿಳಿಯಲು ಅಮೋನಿಯಂ ಕ್ಲೋರೈಡ್ ದ್ರಾವಣದ 50 ಹನಿಗಳನ್ನು ಒಂದೊಂದಾಗಿ ವಸ್ತುವಿನ ಮೇಲೆ ಬೀಳಿಸುತ್ತಾರೆ, ಫಲಿತಾಂಶ ನೋಡಿ ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಮಾಲಿನ್ಯದ ಪರಿಣಾಮ ಸಣ್ಣದಲ್ಲ. ಮೂರನೇ ಗುಂಪಿನ ವಸ್ತುವಿನ ಮೇಲೆ 250 ವೋಲ್ಟಿಗೆ ಎರಡನೇ ದರ್ಜೆಯಲ್ಲಿ 2.5 ಮಿ.ಮೀ. ಕ್ರೀಪೇಜ್ ಸಾಕು, ಮೂರನೇ ದರ್ಜೆಯಲ್ಲಿ 4.0 ಬೇಕು. 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಅದನ್ನು ಹವಾನಿಯಂತ್ರಣವಿಲ್ಲದೆ ನಡೆಯುವಂತೆ ರೂಪಿಸಿದ್ದರು. ದೂಳು, ತೇವ ತಡೆಯುವ ಕೋಣೆಯೇ ಇಲ್ಲದಿದ್ದಾಗ ಮಾಲಿನ್ಯದ ದರ್ಜೆ ಬರಿಯ ಕಾಗದದ ಮೇಲಿನ ಮಾತಾಗಿ ಉಳಿಯುವುದಿಲ್ಲ.

ಅದೇ 1986ರಲ್ಲಿ, ಕಚೇರಿ ಯಂತ್ರಗಳ ಐಇಸಿ 380 ಮತ್ತು ದತ್ತಾಂಶ ಸಂಸ್ಕರಣೆಯ ಐಇಸಿ 435 ಮಾನಕಗಳನ್ನು ಕೂಡಿಸಿ ಐಇಸಿ 950 ರೂಪುಗೊಂಡಿತು. ದೂರಸಂಪರ್ಕಕ್ಕೆ ಸಂಬಂಧಿಸಿ ಅದರ ನಿಜವಾದ ಕೊಡುಗೆ 1990ರ ದಶಕದಲ್ಲಿ ಬೆಳೆದ ಟಿಎನ್‌ವಿ, ಅಂದರೆ ದೂರಸಂಪರ್ಕ ಜಾಲ ವೋಲ್ಟೇಜ್, ವರ್ಗೀಕರಣ. ದೂರವಾಣಿ ಸಾಲು ಮೇನ್ಸ್‌ನಷ್ಟು ಅಪಾಯಕಾರಿಯಲ್ಲ, ಮುಟ್ಟಲು ಪೂರ್ತಿ ನಿರಪಾಯವೂ ಅಲ್ಲ. ಈ ನಡುವಿನ ಜಾಗವನ್ನು ಮೂರಾಗಿ ವಿಂಗಡಿಸಿದರು. ಸರ್ಜ್ ಬರಬಹುದಾದರೂ ವೋಲ್ಟೇಜ್ ಸುರಕ್ಷಿತ ಮಿತಿಯಲ್ಲಿರುವುದು ಟಿಎನ್‌ವಿ-1, ಮಿತಿ ಮೀರಿದರೂ ಸರ್ಜ್ ಬಾರದ್ದು ಟಿಎನ್‌ವಿ-2, ಎರಡೂ ಇರುವುದು ಟಿಎನ್‌ವಿ-3. ಮನೆಯ ದೂರವಾಣಿ ಸಾಲು ಮೂರನೆಯದು. ಸರ್ಜ್ ಪರೀಕ್ಷೆಯ ಮಟ್ಟದಲ್ಲಿ ದೇಶಗಳು ಒಪ್ಪಲಿಲ್ಲ. ಕೈಯಲ್ಲಿ ಹಿಡಿಯುವ ಉಪಕರಣಕ್ಕೆ ಸಾಮಾನ್ಯ ಪಠ್ಯ 2.5 ಕಿಲೋವೋಲ್ಟ್ ಎಂದರೆ ಆಸ್ಟ್ರೇಲಿಯ 7 ಕಿಲೋವೋಲ್ಟ್ ಕೇಳಿತು.

ಹೆಚ್ಚು ತಕರಾರು ಎದ್ದದ್ದು 230 ವೋಲ್ಟ್ ಮೇನ್ಸ್ ಬದಿಯ ಕ್ಲಿಯರೆನ್ಸ್ ಬಗ್ಗೆ. ಮೇನ್ಸ್‌ನ 2,500 ವೋಲ್ಟ್ ಸರ್ಜ್‌ಗೆ 664-1 ಪ್ರಕಾರ ಒಂದು ಪದರದ ರಕ್ಷಣೆಯಾದ ಮೂಲ ನಿರೋಧನಕ್ಕೆ 1.5, ಎರಡು ಪದರಗಳಿಗೆ ಸಮನಾದ ಬಲವರ್ಧಿತ ನಿರೋಧನಕ್ಕೆ 3.0 ಮಿ.ಮೀ. ಸಾಕು. 950ರ ಸಾಲಿನ ಮಾನಕಗಳು 2.0 ಮತ್ತು 4.0 ಎಂದವು. ಒಂದು ತಪ್ಪು, ಇನ್ನೊಂದು ಸರಿ ಎಂದು ತೀರ್ಮಾನಿಸುವವರು ಕೋಷ್ಟಕದ ಆವರಣಗಳನ್ನು ಗಮನಿಸಿಲ್ಲ. ಅಲ್ಲಿ 1.5 ಮತ್ತು 3.0 ಎಂಬ ಅಂಕಿಗಳೂ ಇವೆ, ತಯಾರಿಕೆಗೆ ಗುಣಮಟ್ಟ ನಿಯಂತ್ರಣ ವ್ಯವಸ್ಥೆ ಇದ್ದರೆ ಮಾತ್ರ ಅನ್ವಯಿಸುವಂತೆ. ಹೆಚ್ಚುವರಿ ಭಾಗ ತಯಾರಿಕೆಯಲ್ಲಿ ಆಗುವ ಏರುಪೇರಿಗೆ ಬಿಟ್ಟದ್ದು, ಗಾಳಿಯ ಭೌತಶಾಸ್ತ್ರಕ್ಕಲ್ಲ. ವಿನ್ಯಾಸಕಾರರ ನಡುವೆ ಹಬ್ಬಿರುವ "ಆಪ್ಟೋಕಪ್ಲರ್ ಕೆಳಗೆ 8 ಮಿ.ಮೀ." (ಆಪ್ಟೋಕಪ್ಲರ್ ಎಂದರೆ ನಿರೋಧನದಾಚೆಗೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) ಎಂಬ ಸೂತ್ರಕ್ಕೂ ಈ ಕೋಷ್ಟಕ ಆಧಾರವಲ್ಲ. 250 ವೋಲ್ಟಿಗೆ, ಎರಡನೇ ದರ್ಜೆಯಲ್ಲಿ, ಮೂರನೇ ಗುಂಪಿನ ವಸ್ತುವಿನ ಮೇಲೆ ಇಲ್ಲಿ ಬಲವರ್ಧಿತ ಕ್ರೀಪೇಜ್ 5.0 ಮಿ.ಮೀ. ಮಾತ್ರ. 8 ಎಂಬುದು ವೈದ್ಯಕೀಯ ಉಪಕರಣಗಳ ಮಾನಕದಲ್ಲಿ ರೋಗಿಯ ರಕ್ಷಣೆಗೆ ಕಾಣುವ ಅಂಕಿ. ಬೋರ್ಡಿನಲ್ಲಿ ಸೀಳು ಕೊರೆದು ಕ್ರೀಪೇಜ್ ಹೆಚ್ಚಿಸುವವರು ಮರೆಯುವ ಮಾತೊಂದಿದೆ: ಎರಡನೇ ದರ್ಜೆಯಲ್ಲಿ 1 ಮಿ.ಮೀ.ಗಿಂತ ಕಿರಿದಾದ ಸೀಳು ಲೆಕ್ಕಕ್ಕಿಲ್ಲ.

ಎತ್ತರದ ಪ್ರಶ್ನೆ ತಡವಾಗಿ ಮುನ್ನೆಲೆಗೆ ಬಂತು. ಕೋಷ್ಟಕಗಳೆಲ್ಲ ಸಮುದ್ರಮಟ್ಟದಿಂದ 2,000 ಮೀಟರ್ ತನಕ ಅನ್ವಯಿಸುತ್ತವೆ. ಗಾಳಿ ತೆಳುವಾದಷ್ಟೂ ಕಿಡಿ ಸುಲಭ. ಈ ಲೆಕ್ಕಕ್ಕೆ ಗುಣಕಗಳು ಮಾನಕದಲ್ಲಿದ್ದರೂ ಅವು ಮಾರುಕಟ್ಟೆಯನ್ನು ಅಲುಗಿಸಿದ್ದು ಚೀನಾದ ಜಿಬಿ 4943.1-2011 ಜಾರಿಯಾದ 2012ರ ಡಿಸೆಂಬರ್ ನಂತರ. 2,000 ಮೀಟರ್ ಮೀರಿ ಬಳಸಬಾರದೆಂಬ ಎಚ್ಚರಿಕೆಯ ಗುರುತು ಇಲ್ಲದ ಉಪಕರಣ 5,000 ಮೀಟರಿಗೂ ಒಪ್ಪಬೇಕಾಯಿತು. ಅಲ್ಲಿಯ ಗುಣಕ 1.48. ಹಾಗಾಗಿ 4.0 ಮಿ.ಮೀ. ಕ್ಲಿಯರೆನ್ಸ್ 5.92 ಆಗುತ್ತದೆ. ಕ್ರೀಪೇಜ್ ಎಂದೂ ಕ್ಲಿಯರೆನ್ಸ್‌ಗಿಂತ ಕಡಿಮೆಯಿರಬಾರದು ಎಂಬ ನಿಯಮದಿಂದಾಗಿ 5.0 ಇದ್ದ ಕ್ರೀಪೇಜೂ ಅಷ್ಟಕ್ಕೆ ಏರಬೇಕು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಕೂರಿಸುವ ಉಪಕರಣಕ್ಕೂ ಇದೇ ಭೌತಶಾಸ್ತ್ರ ಅನ್ವಯ.

2010ರಲ್ಲಿ ಬಂದ ಐಇಸಿ 62368-1 ವಿಷಯವನ್ನು ಮರುಜೋಡಿಸಿತು. ಟಿಎನ್‌ವಿ ಹೆಸರುಗಳು ಹೋಗಿ ಇಎಸ್1, ಇಎಸ್2, ಇಎಸ್3 ಎಂಬ ಶಕ್ತಿಮೂಲಗಳು ಬಂದವು. ಮೇನ್ಸ್ ಬದಿಯ ಸರ್ಜ್‌ಗೆ 1.5 ಮತ್ತು 3.0 ಆವರಣದಿಂದ ಹೊರಬಂದು ಮುಖ್ಯ ಅಂಕಿಗಳಾದವು. 30 ಕಿಲೋಹರ್ಟ್ಸ್ ಮೀರಿದ ಆವರ್ತನಕ್ಕೆ ಬೇರೆ ಕೋಷ್ಟಕ ಸೇರಿತು. ಯುರೋಪಿನಲ್ಲಿ ಹಳೆಯ 950ರ ಸಾಲಿನ ಕೊನೆಯ ರೂಪವಾದ 60950-1 ಮಾನಕದ ಅವಧಿ 2020ರ ಡಿಸೆಂಬರ್ 20ಕ್ಕೆ ಮುಗಿಯಿತು. ಭಾರತದಲ್ಲಿ ಅದೇ ಪಠ್ಯ ಐಎಸ್ 13252 ಹೆಸರಿನಲ್ಲಿ 2012ರ ಕಡ್ಡಾಯ ನೋಂದಣಿ ಆದೇಶದ ಮೂಲಕ ಜಾರಿಗೆ ಬಂದಿತ್ತು. 2017ರ ಟೆಲಿಗ್ರಾಫ್ ತಿದ್ದುಪಡಿ ನಿಯಮಗಳು ದೂರಸಂಪರ್ಕ ಉಪಕರಣಗಳಿಗೆ ಪ್ರತ್ಯೇಕ ಕಡ್ಡಾಯ ಪರೀಕ್ಷೆಯನ್ನೂ ತಂದವು.

ಈಗ ಗಮನ ಈಥರ್ನೆಟ್ ಕೇಬಲಿನ ಮೇಲಿದೆ. 2003ರ ನಂತರ ಅದೇ ಕೇಬಲ್ 48 ವೋಲ್ಟಿನ ಆಸುಪಾಸಿನ ವಿದ್ಯುತ್ತನ್ನೂ ಹೊರುತ್ತಿದೆ. ಅದಕ್ಕೆ 1,500 ವೋಲ್ಟ್ ಎಸಿ ತಡೆಯುವ ಪ್ರತ್ಯೇಕತೆ ಬೇಕೆಂದು ಈಥರ್ನೆಟ್ ಮಾನಕ ರೂಪಿಸುವ ಐಟ್ರಿಪಲ್ಇ ಸಂಸ್ಥೆ ಹೇಳುತ್ತದೆ. 62368-1 ಪ್ರಕಾರ ಕೇಬಲ್ ಒಂದೇ ಕಟ್ಟಡದೊಳಗೆ ಮುಗಿದರೆ ಸಿಡಿಲಿನ ಸರ್ಜ್ ಲೆಕ್ಕಿಸಬೇಕಿಲ್ಲ. ಕ್ಯಾಮೆರಾಕ್ಕೋ ಆಂಟೆನಾಕ್ಕೋ ಹೊರಗೆ ಹೋದರೆ, ಹಳೆಯ ದೂರವಾಣಿ ಜೋಡಿತಂತಿಗೆ ಇದ್ದ 1,500 ವೋಲ್ಟಿನ ಸರ್ಜ್ ಮಟ್ಟವೇ ಅದಕ್ಕೂ ಅನ್ವಯಿಸುತ್ತದೆ.