ಪಾದದ ಒತ್ತಡವನ್ನು ಅರಿಯುವ ಬಟ್ಟೆ

ತನ್ನ ಮೇಲೆ ಬೀಳುವ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಬಟ್ಟೆಗೆ ಜವಳಿ ಒತ್ತಡ ಸಂವೇದಕ ಎನ್ನುತ್ತಾರೆ. ಇದನ್ನು ಕಾಲುಚೀಲ, ಕೈಗವಸು ಇಲ್ಲವೆ ಮಂಡಿಪಟ್ಟಿಯಲ್ಲಿ ಹೊಲಿದರೆ ನಡಿಗೆಯ ರೀತಿ, ಕೀಲಿನ ಬಾಗು, ಭಾರ ಯಾವ ಕಾಲಿನತ್ತ ವಾಲುತ್ತಿದೆ ಎಂಬುದೆಲ್ಲ ತಿಳಿಯುತ್ತದೆ.

ಗೋಕಾಕಕ್ಕೆ ನೂಲು ಹೊಸದಲ್ಲ. ಜಲಪಾತದ ಬಳಿಯ ಗಿರಣಿಯು ಘಟಪ್ರಭೆಯ ಜಲಶಕ್ತಿಯಿಂದ 1887ರಲ್ಲಿಯೇ ಹತ್ತಿಯ ನೂಲು ತೆಗೆಯತೊಡಗಿತ್ತು. ಆದರೆ ಒಣಹತ್ತಿಯಲ್ಲಿ ವಿದ್ಯುತ್ ಸುಲಭವಾಗಿ ಹರಿಯದು. ಆದ್ದರಿಂದ ಸಂವೇದಕಕ್ಕೆ ಬೆಳ್ಳಿ ಲೇಪಿಸಿದ ನೈಲಾನ್ ಎಳೆಯನ್ನು ಬಳಸುತ್ತಾರೆ. ಅಂಥ ಎರಡು ಪದರಗಳ ನಡುವೆ ಇಂಗಾಲದ ಕಣಗಳುಳ್ಳ ಹಾಳೆ ಇರುತ್ತದೆ. ಅದುಮಿದಾಗ ಕಣಗಳು ಹತ್ತಿರವಾಗಿ ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿಕೆಯೇ ಒತ್ತಡದ ಅಳತೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕಬ್ಬಿನ ಸೀಮೆ. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಜಡವಾದ ರೈತನಿಗೆ ಕೂಳೆ ಚುಚ್ಚಿದರೂ ಅರಿವಾಗುವುದಿಲ್ಲ. ಒಂದೇ ಜಾಗದ ಮೇಲೆ ದಿನವೂ ಭಾರ ಬಿದ್ದು ಚರ್ಮ ದಡ್ಡುಗಟ್ಟಿ ಒಳಗೇ ಹುಣ್ಣಾಗುವುದು ಇನ್ನೂ ಮೋಸದ್ದು. ಕೊನೆಗೆ ಕಾಲನ್ನೇ ತೆಗೆಯಬೇಕಾದೀತು. ಇಂಥವರ ಪಾದರಕ್ಷೆಯೊಳಗಿನ ಗರಿಷ್ಠ ಒತ್ತಡ 200 ಕಿಲೋಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಭಾರ, ಮೀರಬಾರದೆಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ.

ಈ ಯೋಚನೆಗೆ ಹಳೆಯ ಬೇರುಗಳಿವೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ್ದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ, ಒತ್ತಡಕ್ಕೆ ಒಡೆದು ಬಣ್ಣ ಬಿಡುವ ಸೂಕ್ಷ್ಮ ಗುಳಿಗೆಗಳ ಕಾಲುಚೀಲವನ್ನು ಪ್ರಯೋಗಿಸಿದರು. ಅಪಾಯ ಕಂಡಾಗ ಎಚ್ಚರಿಸುವ ವಿದ್ಯುತ್ ಸಂವೇದಕಗಳನ್ನೂ ರೋಗಿಗಳಿಗೆ ತೊಡಿಸಿ ನೋಡಿದರು. ಆದರೆ ಕೆಲಸಕ್ಕೆ ಅಡ್ಡಿಯಾದಾಗ ರೋಗಿಗಳು ಆ ಎಚ್ಚರಿಕೆಯನ್ನು ಲೆಕ್ಕಿಸಲಿಲ್ಲ. ನಿಜವಾದ ನೋವನ್ನು ಹಾಗೆ ಆರಿಸಲು ಬರುವುದಿಲ್ಲವಷ್ಟೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಜೊತೆಗೂಡಿ ರೂಪಿಸಿ 2022ರಲ್ಲಿ ಪರಿಚಯಿಸಿದ ಪಾದರಕ್ಷೆ ಬೇರೆ ದಾರಿ ಹಿಡಿದಿದೆ. ಅದರ ಅಟ್ಟೆಯಲ್ಲಿನ ಪುಟ್ಟ ಕಮಾನುಗಳು ಮಿತಿಮೀರಿದ ಭಾರಕ್ಕೆ ತಾವೇ ತಿರುಚಿಕೊಂಡು ಆ ಜಾಗದ ಒತ್ತಡವನ್ನು ತಗ್ಗಿಸುತ್ತವೆ, ಭಾರ ಸರಿದೊಡನೆ ಮೊದಲಿನಂತಾಗುತ್ತವೆ. ಸಂವೇದಕವೂ ಬೇಡ, ವಿದ್ಯುತ್ತೂ ಬೇಡ. ಹೊಲದ ಕೆಲಸದವರಿಗೆ ಇದೇ ಹೆಚ್ಚು ಒಗ್ಗೀತು ಎನಿಸುತ್ತದೆ. ಏಕೆಂದರೆ ಬೆವರು, ಒಗೆತ, ಸವೆತಗಳಿಂದ ಸಂವೇದಕ ಬಟ್ಟೆಯ ಅಳತೆ ತಪ್ಪುತ್ತ ಹೋಗುತ್ತದೆ.

ಪಾದದ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ತಿಳಿಯಲು ಮಾತ್ರ ಇಷ್ಟೆಲ್ಲ ಬೇಕಿಲ್ಲ. 10 ಗ್ರಾಂ ಬಲಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿದ ರೋಗಿಗೆ ಅದು ತಿಳಿಯುತ್ತದೆಯೇ ಎಂದು ವೈದ್ಯರು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು.