ಬಿಡುವ ವಿದ್ಯೆ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಇಂಗಿನ ಡಬ್ಬಿಯ ಪಕ್ಕದಲ್ಲಿ, ಒಂದು ಪುಟ್ಟ ಡಬ್ಬಿ ಹನ್ನೊಂದು ವರ್ಷ ಕೂತಿತ್ತು. ಅದರೊಳಗೆ ಪ್ರೆಡ್ನಿಸೋಲೋನ್ ಮಾತ್ರೆ. ತಿಂಡಿಯಾದ ಮೇಲೆ ಒಂದನ್ನು ನುಂಗಿದರೆ ಆ ದಿನದ ಮಟ್ಟಿಗೆ ನನ್ನ ಕೈ ನನ್ನದು. ಇಲ್ಲವಾದರೆ ಸೀರೆಯ ನೆರಿಗೆ ಹಿಡಿಯಲೂ ಮಗಳನ್ನು ಕೂಗಬೇಕು. ರುಮಟಾಯ್ಡ್ ಕೀಲುವಾತ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಹೊತ್ತು ಬೆರಳು ಬಿಗಿದುಕೊಂಡು ಒರೆಸುವ ಬಟ್ಟೆ ಹಿಂಡಲಾಗದೆ, ಹಾಲಿನ ಪಾತ್ರೆ ಎತ್ತಲಾಗದೆ, ಶಾಲೆಯಲ್ಲಿ ಬೋರ್ಡಿನ ಮೇಲೆ ನೆಟ್ಟಗೆ ನಾಲ್ಕಕ್ಷರ ಬರೆಯಲಾಗದೆ ಒದ್ದಾಡುತ್ತಿದ್ದ ದಿನಗಳಲ್ಲಿ ಈ ಮಾತ್ರೆ ನನ್ನ ಕೆಲಸ ಉಳಿಸಿತು. ಅದನ್ನು ನಾನು ಮರೆಯುವ ಹಾಗಿಲ್ಲ.

ಆದರೆ ಈಗ ಹೇಳಹೊರಟಿರುವುದು ಅದನ್ನು ಬಿಟ್ಟ ಕಥೆ.

ವರ್ಷಗಳು ಕಳೆದಂತೆ ಮುಖ ದುಂಡಗಾಯಿತು. ‘ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ’ ಅಂತ ನೆಂಟರು ಹೇಳಿದಾಗ ನಗುತ್ತಿದ್ದೆ. ಆಮೇಲೆ ಸಕ್ಕರೆ ಕಾಯಿಲೆ ಶುರುವಾಯಿತು, ಮೂಳೆ ಸವೆದಿದೆ ಎಂದರು. ಒಂದು ದಿನ ನನ್ನ ಓರಗಿತ್ತಿ ಡಬ್ಬಿ ನೋಡಿ, ‘ಅಯ್ಯೋ ಅಕ್ಕ, ಇದು ಸ್ಟೀರಾಯ್ಡ್ ಅಂತೆ, ಮೈಗೆ ವಿಷ ಇದ್ದ ಹಾಗಂತೆ. ಮೊದಲು ಬಿಟ್ಟುಬಿಡಿ’ ಅಂದಳು. ಕಕ್ಕುಲಾತಿಯಿಂದಲೇ ಹೇಳಿದಳು. ನಾನೂ ಓದಿದವಳು ಎಂಬ ಧೈರ್ಯದಲ್ಲಿ, ಯಾರನ್ನೂ ಕೇಳದೆ, ಮರುದಿನದಿಂದಲೇ ನಿಲ್ಲಿಸಿದೆ. ಐದನೆಯ ದಿನ ಅವಳ ಮಗಳ ಮದುವೆ. ಮೊದಲಿನ ದಿನಗಳಲ್ಲಿ ಸುಸ್ತು, ಓಕರಿಕೆ. ಓಡಾಟದ ಆಯಾಸವೆಂದುಕೊಂಡೆ. ಧಾರೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕುಸಿದೆ. ಛತ್ರದಿಂದ ನೇರ ಆಸ್ಪತ್ರೆಗೆ. ರಕ್ತದೊತ್ತಡ ಪೂರಾ ಇಳಿದಿತ್ತು. ಡ್ರಿಪ್ ಹಾಕಿ, ನಾನು ಯಾವುದನ್ನು ವಿಷವೆಂದು ಬಿಟ್ಟಿದ್ದೆನೋ ಅದೇ ಜಾತಿಯ ಔಷಧಿಯನ್ನು ನರಕ್ಕೆ ಚುಚ್ಚಿ ಉಳಿಸಿಕೊಂಡರು.

‘ಇಷ್ಟು ವರ್ಷ ತಗೊಂಡದ್ದನ್ನ ಒಂದೇ ದಿನ ಬಿಡಬಹುದು ಅಂತ ಯಾರು ಹೇಳಿದ್ರು ಮೇಡಂ?’ ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದರು. ಬಿಡಿ ಅಂದವಳ ಹೆಸರು ಬಾಯಿಗೆ ಬಂತು, ನುಂಗಿಕೊಂಡೆ. ಬಿಡಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಮೊದಲು ಚೀಟಿ ಬರೆದವರೂ ಹೇಳಲಿಲ್ಲ, ಅದೇ ಹಳೆಯ ಚೀಟಿಗೆ ವರ್ಷಗಟ್ಟಲೆ ಮಾತ್ರೆ ಕೊಟ್ಟ ಅಂಗಡಿಯವರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಕ್ಕಳಿಗೆ ಚರಿತ್ರೆ ಪಾಠ ಮಾಡುವವಳಲ್ಲವೆ, ಮನೆಗೆ ಬಂದ ಮೇಲೆ ಈ ಮಾತ್ರೆಯ ಚರಿತ್ರೆ ಹುಡುಕಿಕೊಂಡು ಹೊರಟೆ.

ಅದು ಶುರುವಾಗುವುದು ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್ ಊರಿನ ಮೇಯೋ ಕ್ಲಿನಿಕ್ಕಿನಲ್ಲಿ. 1929ರಲ್ಲಿ ಅಲ್ಲಿನ ಡಾಕ್ಟರ್ ಫಿಲಿಪ್ ಹೆಂಚ್ ಅವರಿಗೆ ಕೀಲುವಾತದ ರೋಗಿಯೊಬ್ಬರು ಒಂದು ವಿಚಿತ್ರ ಹೇಳಿದರು. ಕಾಮಾಲೆ ಬಂದ ಮೇಲೆ ತಮ್ಮ ಕೀಲುನೋವು ಎಷ್ಟೋ ಕಡಿಮೆಯಾಯಿತೆಂದು. ಹೆಂಚ್ ಅದನ್ನು ನಕ್ಕು ತಳ್ಳಿಹಾಕಲಿಲ್ಲ. ಗಮನಿಸುತ್ತಾ ಹೋದಾಗ ಇನ್ನೊಂದು ಕಂಡಿತು: ಈ ಕಾಯಿಲೆಯ ಎಷ್ಟೋ ಹೆಂಗಸರಿಗೆ ಬಸುರಿಯಾಗಿದ್ದಾಗ ನೋವು ತಗ್ಗಿ, ಹೆತ್ತ ಮೇಲೆ ಮತ್ತೆ ಮರುಕಳಿಸುತ್ತಿತ್ತು. ಅಂದರೆ ನೋವು ಇಳಿಸುವ ವಸ್ತು ಮೈಯೊಳಗೇ ಎಲ್ಲೋ ಇದೆ ಎಂದು ಅವರು ಊಹಿಸಿದರು. ಅದೇ ಆಸ್ಪತ್ರೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್ ಆಗ ದನಗಳ ಅಡ್ರಿನಲ್ ಗ್ರಂಥಿಗಳಿಂದ ಒಂದೊಂದೇ ವಸ್ತುವನ್ನು ಬೇರ್ಪಡಿಸುತ್ತಿದ್ದರು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ, ಕೆಲವೇ ಗ್ರಾಂ ತೂಗುವ ಗ್ರಂಥಿಗಳು ಅವು. ಹಾಗೆ ಸಿಕ್ಕಿದ ‘ಸಂಯುಕ್ತ ಇ’ ಎಂಬುದೇ ಮುಂದೆ ಕಾರ್ಟಿಸೋನ್ ಆಯಿತು.

ಪರೀಕ್ಷಿಸಿ ನೋಡುವಷ್ಟು ಕಾರ್ಟಿಸೋನ್ ಸಿಕ್ಕಿದ್ದು 1948ರಲ್ಲಿ. ದನದ ಪಿತ್ತರಸದಿಂದ ಅದನ್ನು ತಯಾರಿಸಿಕೊಟ್ಟದ್ದು ಮರ್ಕ್ ಕಂಪನಿ. ಆ ವರ್ಷದ ಸೆಪ್ಟೆಂಬರ್ 21ರಂದು, 29 ವರ್ಷದ ಒಬ್ಬ ಹೆಣ್ಣುಮಗಳಿಗೆ ಮೊದಲ ಸಲ ಚುಚ್ಚಿದರು. ದಿನಕ್ಕೆ 100 ಮಿಲಿಗ್ರಾಂ. ಹಾಸಿಗೆಯಲ್ಲಿ ಮಗ್ಗಲು ಬದಲಿಸಲೂ ಕಷ್ಟಪಡುತ್ತಿದ್ದವಳು ಎರಡು ಮೂರು ದಿನದಲ್ಲಿ ಎದ್ದು ನಡೆದಳು. ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಮೂರು ಗಂಟೆ ಅಂಗಡಿ ಸುತ್ತಿ ಬಂದಳಂತೆ! ಇದನ್ನು ಓದಿದಾಗ ನನಗೆ ಕಣ್ಣು ತುಂಬಿತು. ಮೊದಲ ಮಾತ್ರೆ ನುಂಗಿದ ವಾರವೇ ನಾನೂ ಕೂತು ಎರಡು ತೆಂಗಿನಕಾಯಿ ತುರಿದಿದ್ದೆ.

1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಹುಮಾನ ಬಂತು. ಅಷ್ಟು ಹೊತ್ತಿಗೇ ನೆರಳೂ ಕಾಣಿಸಿಕೊಂಡಿತ್ತು. ಔಷಧಿ ನಿಲ್ಲಿಸಿದರೆ ನೋವು ಹಿಂದಿರುಗುತ್ತಿತ್ತು, ಮುಂದುವರಿಸಿದರೆ ಮುಖ ಊದಿಕೊಳ್ಳುತ್ತಿತ್ತು, ಮನಸ್ಸು ಏರುಪೇರಾಗುತ್ತಿತ್ತು. 1955ರಲ್ಲಿ ಮಾರುಕಟ್ಟೆಗೆ ಬಂದ ಪ್ರೆಡ್ನಿಸೋನ್, ಪ್ರೆಡ್ನಿಸೋಲೋನ್‌ಗಳು ಐದು ಮಿಲಿಗ್ರಾಮಿನಲ್ಲಿ ಕಾರ್ಟಿಸೋನಿನ ಇಪ್ಪತ್ತೈದರ ಕೆಲಸ ಮಾಡಿದವು. ಗುಣ ಹೆಚ್ಚಿತು, ಗುಣದ ಜೊತೆಗಿನ ತೊಂದರೆ ಹೋಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಬಂದದ್ದು ಒಂದು ಸಾವಿನಿಂದ. ಕೀಲುವಾತಕ್ಕೆಂದು ತಿಂಗಳುಗಟ್ಟಲೆ ಕಾರ್ಟಿಸೋನ್ ತೆಗೆದುಕೊಂಡಿದ್ದ 34 ವರ್ಷದ ಒಬ್ಬರು ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡದ್ದು 1952ರಲ್ಲಿ ವೈದ್ಯರ ಪತ್ರಿಕೆಯಲ್ಲಿ ವರದಿಯಾಯಿತು. ಅವರ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. ಕಾರಣ ಇಷ್ಟೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಡ್ರಿನಲ್‌ಗೆ ‘ಇಷ್ಟು ಬೇಕು, ತಯಾರಿಸು’ ಎಂದು ಹೇಳಿಕಳಿಸುತ್ತಿರುತ್ತದೆ. ಹೊರಗಿನಿಂದ ದಿನವೂ ಮಾತ್ರೆ ಬಂದರೆ ಹೇಳಿಕಳಿಸುವುದು ನಿಲ್ಲುತ್ತದೆ. ದಿನವೂ ಹೋಟೆಲಿನ ಕ್ಯಾರಿಯರ್ ಬರುವ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಒಂದು ದಿನ ಕ್ಯಾರಿಯರ್ ನಿಂತರೆ ಒಲೆಯೂ ತಣ್ಣಗೆ, ಹೊಟ್ಟೆಯೂ ತಣ್ಣಗೆ. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆ ಇಂಥ ಹೊತ್ತಿನಲ್ಲಿ ಮೈಗೆ ಹೆಚ್ಚು ಬೇಕಾಗುವಾಗಲಂತೂ ಪ್ರಾಣಕ್ಕೇ ಸಂಚಕಾರ. ಆ ಒಲೆ ಮತ್ತೆ ಉರಿಯಲು ಎಷ್ಟು ಕಾಲ ಬೇಕೆಂದು 1965ರಲ್ಲಿ ಗ್ರಾಂಟ್ ಲಿಡ್ಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪಿಟ್ಯುಟರಿ ಮೊದಲು ಎಚ್ಚರಗೊಳ್ಳುತ್ತದೆ, ಅಡ್ರಿನಲ್ ಆಮೇಲೆ. ಎಲ್ಲ ಸರಿಹೋಗಲು ಒಂಬತ್ತು ತಿಂಗಳಾದರೂ ಹಿಡಿಯಬಹುದು. ಒಂದು ಬಸಿರಿನಷ್ಟು ಕಾಲ!

ಔಷಧಿ ಕೊಟ್ಟವರ ಹೆಸರು ಬಹುಮಾನದ ಪಟ್ಟಿಯಲ್ಲಿದೆ. ಅದನ್ನು ಬಿಡುವುದು ಹೇಗೆಂದು ಕಲಿಸಿದವರು ಹೆಸರಿಲ್ಲದ ರೋಗಿಗಳು. ಅವರು ತೆತ್ತ ಬೆಲೆಯಿಂದ ಬಂದ ತಿಳಿವಳಿಕೆ ನನ್ನ ಚೀಟಿಯವರೆಗೆ ಬಂದು ತಲುಪಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ಹೊಟ್ಟೆಯುರಿಯಿತು.

ಡಾಕ್ಟರಮ್ಮ ನನಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಶುರುಮಾಡಿಸಿದರು. ಅದರ ಬೇರು ನಮ್ಮವರೇ ಆದ, ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಲ್ಲಿದೆ. ಅದು ಕೆಲಸಕ್ಕೆ ಹತ್ತಿದ ಮೇಲೆ ಪ್ರೆಡ್ನಿಸೋಲೋನ್ ಇಳಿಸತೊಡಗಿದರು. ಹತ್ತರಿಂದ ಏಳೂವರೆ, ಏಳೂವರೆಯಿಂದ ಐದು. ಐದರ ಕೆಳಗೆ ಇನ್ನೂ ನಿಧಾನ, ತಿಂಗಳಿಗೊಂದು ಮಿಲಿಗ್ರಾಂ. ಪ್ರತಿ ಸಲ ಇಳಿಸಿದಾಗಲೂ ಒಂದು ವಾರ ಮೈಯೆಲ್ಲ ಜಜ್ಜಿದಂತೆ ಆಗುತ್ತಿತ್ತು. ಒಮ್ಮೆ ಮೂರರಲ್ಲಿ ತಡೆಯಲಾಗದೆ ಮತ್ತೆ ನಾಲ್ಕಕ್ಕೆ ಹತ್ತಿದೆ. ಅಳು ಬಂತು. ‘ಹಿಂದೆ ಹೋಗೋದು ಸೋಲಲ್ಲ ಮೇಡಂ, ಮೆಟ್ಟಿಲ ಮೇಲೆ ಸ್ವಲ್ಪ ಕೂತು ಸುಧಾರಿಸಿಕೊಂಡ ಹಾಗೆ’ ಅಂದರು. ನನ್ನ ಜೊತೆಯಲ್ಲೇ ಶುರುಮಾಡಿದ ಇನ್ನೊಬ್ಬ ಟೀಚರಿಗೆ ಐದಕ್ಕಿಂತ ಕೆಳಗೆ ಇಳಿಯಲು ಇನ್ನೂ ಆಗಿಲ್ಲ. ಅವರು ಅಷ್ಟರಲ್ಲೇ ನೆಮ್ಮದಿಯಾಗಿದ್ದಾರೆ.

ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಇಷ್ಟಾದರೂ ಬೆರಳು ಎರಡು ಬಾಗಿವೆ, ಸಕ್ಕರೆ ಇದೆ, ಚಳಿಗಾಲದ ಬೆಳಗು ಈಗಲೂ ಕಷ್ಟವೇ. ಸ್ಟೀರಾಯ್ಡ್ ತೆಗೆದುಕೊಂಡಿದ್ದೆನೆಂದು ಬರೆದ ಚೀಟಿಯೊಂದು ಪರ್ಸಿನಲ್ಲಿ ಸದಾ ಇರುತ್ತದೆ.

ಮೊನ್ನೆ ಓರಗಿತ್ತಿ ಫೋನ್ ಮಾಡಿ, ‘ಅಕ್ಕ, ನನಗೂ ಮಂಡಿನೋವು. ಊರಲ್ಲಿ ಯಾರೋ ಒಂದು ಪುಡಿ ಕೊಡ್ತಾರೆ, ಎರಡೇ ದಿನಕ್ಕೆ ನೋವು ಮಾಯ’ ಅಂದಳು. ಪೊಟ್ಟಣದ ಮೇಲೆ ಹೆಸರಿಲ್ಲವಂತೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ. ‘ಎಷ್ಟು ದಿನದಿಂದ ತಗೋತಿದ್ದೀಯ?’ ಅಂತ ಕೇಳಿದೆ. ‘ಆರು ತಿಂಗಳಾಯ್ತು’ ಅಂದಳು. ‘ಹಾಗಾದರೆ ಇವತ್ತೇ ಬಿಟ್ಟುಬಿಡಬೇಡ. ಆ ಪೊಟ್ಟಣ ತಗೊಂಡು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಬಾ, ಡಾಕ್ಟರಮ್ಮನ ಹತ್ತಿರ ಹೋಗೋಣ’ ಅಂದೆ.